ಬದಲಾದದ್ದು ಒಂದು ಹೆಸರು, ಮುರಿದದ್ದು ಮೂರು ಜೋಡಿ: ಪ್ಯಾರಿಸ್ 4×100 ರಿಲೇಯಲ್ಲಿ ಅಮೆರಿಕ ಅನರ್ಹವಾದ ಬಗೆ

2024ರ ಆಗಸ್ಟ್ 8ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣದ ನೇರಳೆ ಟ್ರ್ಯಾಕ್ ಮೇಲೆ ಅಮೆರಿಕದ ಪುರುಷರ 4×100 ಮೀಟರ್ ರಿಲೇ ತಂಡ ತನ್ನ ಹೀಟ್ಸ್ ಅನ್ನು, ಅಂದರೆ ಅರ್ಹತಾ ಸುತ್ತನ್ನು, 37.47 ಸೆಕೆಂಡುಗಳಲ್ಲಿ ಮುಗಿಸಿತು. ಮರುದಿನ ಸಂಜೆ ಫೈನಲ್‌ನಲ್ಲಿ ಕೆನಡಾ ಚಿನ್ನ ಗೆದ್ದದ್ದು 37.50ಕ್ಕೆ. ಹೀಟ್ಸ್‌ನಲ್ಲಿ ಓಡಿದ್ದನ್ನೇ ಇನ್ನೊಮ್ಮೆ ಓಡಿದ್ದರೆ ಸಾಕಿತ್ತು. ಅಮೆರಿಕ ಫೈನಲ್‌ಗೆ ಇನ್ನೂ ವೇಗದ ಓಟಗಾರನನ್ನು ತಂದಿತು, ಓಟಗಾರರು ಕೈಯಿಂದ ಕೈಗೆ ದಾಟಿಸುವ ಕೊಳವೆಯ, ಅಂದರೆ ಬೇಟನ್‌ನ, ಮೊದಲ ಬದಲಾವಣೆಯಲ್ಲೇ ಎಡವಿತು, ಅನರ್ಹವಾಯಿತು.

ಟಿವಿ ಮುಂದೆ ಕೂತವರಿಗೆ ಇದು ಎರಡನೇ ಓಟಗಾರ ಕೆನ್ನಿ ಬೆಡ್ನರೆಕ್ ಅವಸರಪಟ್ಟ ಕಥೆ. ಅವರು ಬೇಗ ಹೊರಟದ್ದು ನಿಜ. ಆದರೆ ಆ ಅವಸರ ಅಷ್ಟು ದುಬಾರಿಯಾದದ್ದು ಏಕೆ, ಅದಕ್ಕೆ ಜಾಗ ಮಾಡಿಕೊಟ್ಟ ನಿರ್ಧಾರ ಯಾವುದು ಎಂದು ನೋಡದಿದ್ದರೆ ಪ್ರಕರಣ ಅರ್ಧಕ್ಕೇ ನಿಲ್ಲುತ್ತದೆ.

ಹೀಟ್ಸ್‌ನಿಂದ ಫೈನಲ್‌ವರೆಗೆ

ಹೀಟ್ಸ್‌ನಲ್ಲಿ ಅಮೆರಿಕದ ಸಾಲು ಹೀಗಿತ್ತು: ಕ್ರಿಶ್ಚಿಯನ್ ಕೋಲ್ಮನ್, ಫ್ರೆಡ್ ಕರ್ಲಿ, ಕೈರಿ ಕಿಂಗ್, ಕೋರ್ಟ್ನಿ ಲಿಂಡ್ಸೆ. ಫೈನಲ್‌ನಲ್ಲಿ ಕೋಲ್ಮನ್, ಬೆಡ್ನರೆಕ್, ಕಿಂಗ್, ಕರ್ಲಿ.

ಹೆಸರುಗಳ ಲೆಕ್ಕದಲ್ಲಿ ಬದಲಾವಣೆ ಒಂದೇ: ಲಿಂಡ್ಸೆ ಹೊರಗೆ, ಬೆಡ್ನರೆಕ್ ಒಳಗೆ. ಜೋಡಿಗಳ ಲೆಕ್ಕ ಹಾಕಿ ನೋಡಿ. ಹೀಟ್ಸ್‌ನಲ್ಲಿ ಬೇಟನ್ ಕೈ ಬದಲಾಯಿಸಿದ್ದು ಕೋಲ್ಮನ್–ಕರ್ಲಿ, ಕರ್ಲಿ–ಕಿಂಗ್, ಕಿಂಗ್–ಲಿಂಡ್ಸೆ ನಡುವೆ. ಫೈನಲ್‌ನಲ್ಲಿ ಕೋಲ್ಮನ್–ಬೆಡ್ನರೆಕ್, ಬೆಡ್ನರೆಕ್–ಕಿಂಗ್, ಕಿಂಗ್–ಕರ್ಲಿ. ಹಿಂದಿನ ದಿನದ ಒಂದು ಜೋಡಿಯೂ ಉಳಿಯಲಿಲ್ಲ. ಮೂರಕ್ಕೆ ಮೂರೂ ಹೊಸವು.

ಇದು ಹುಚ್ಚಾಟವೇನೂ ಅಲ್ಲ, ಇದರ ಹಿಂದೆ ಒಂದು ತರ್ಕವಿದೆ. ಅದೇ ವರ್ಷ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸೌದಲ್ಲಿ ನಡೆದ ವಿಶ್ವ ರಿಲೇ ಕೂಟವನ್ನು ಅಮೆರಿಕ 37.40ರಲ್ಲಿ ಗೆದ್ದಾಗ ಸಾಲು ಲಿಂಡ್ಸೆ, ಬೆಡ್ನರೆಕ್, ಕಿಂಗ್, ನೋವಾ ಲೈಲ್ಸ್ ಎಂದಿತ್ತು. ಅಂದರೆ ಎರಡನೇ ಓಟಗಾರನಾಗಿ ಬೆಡ್ನರೆಕ್, ಅವರಿಂದ ಕಿಂಗ್‌ಗೆ ಬೇಟನ್, ಇದು ಪಂದ್ಯದಲ್ಲಿ ನಡೆದು ಗೆದ್ದ ಜೋಡಿ. ಎರಡನೇ ಓಟಗಾರ ಬೇಟನ್ ಪಡೆಯಲೂ ಬೇಕು, ಕೊಡಲೂ ಬೇಕು. ಬೇಟನ್ ಬದಲಿಸಲು ಗುರುತಿಸಿದ ಝೋನ್‌ಗಳ ಉದ್ದವನ್ನೂ ಸೇರಿಸಿದರೆ ಅವನು ಪೂರ್ಣ ವೇಗದಲ್ಲಿ ಓಡುವ ದೂರ ನೂರು ಮೀಟರಿಗಿಂತ ಚೆನ್ನಾಗಿಯೇ ಹೆಚ್ಚು. 200 ಮೀಟರ್ ಓಟಗಾರನಿಗೆ ಹೇಳಿ ಮಾಡಿಸಿದ ಜಾಗ. ಮೊದಲ ಓಟಕ್ಕೆ ಬ್ಲಾಕ್‌ನಿಂದ ಸಿಡಿಯುವ ಕೋಲ್ಮನ್, ಕೊನೆಗೆ 100 ಮೀಟರ್‌ನಲ್ಲಿ 9.81ಕ್ಕೆ ಕಂಚು ಗೆದ್ದಿದ್ದ, ಮೊದಲು 400 ಮೀಟರ್ ಓಡುತ್ತಿದ್ದ ಕರ್ಲಿ. ಬಿಳಿ ಹಲಗೆಯ ಮೇಲೆ ಬರೆದು ನೋಡಿದರೆ ಈ ಸಾಲಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಸಂದರ್ಭವೂ ಕೈಕೊಟ್ಟಿತು. 100 ಮೀಟರ್ ಚಿನ್ನ ಗೆದ್ದಿದ್ದ ಲೈಲ್ಸ್‌ಗೆ ಕೋವಿಡ್ ತಗುಲಿತ್ತು. 200 ಮೀಟರ್ ಫೈನಲ್ ಮುಗಿಸಿ ಅವರು ರಿಲೇಯಿಂದ ಹೊರಗುಳಿದರು. ಬೆಡ್ನರೆಕ್ ಅದೇ 200 ಮೀಟರ್ ಫೈನಲ್‌ನಲ್ಲಿ 19.62 ಓಡಿ ಬೆಳ್ಳಿ ಗೆದ್ದದ್ದು ಆಗಸ್ಟ್ 8ರ ರಾತ್ರಿ. ಅಂದು ಬೆಳಿಗ್ಗೆಯ ರಿಲೇ ಹೀಟ್ಸ್‌ನಲ್ಲಿ ಅವರು ಇರಲಿಲ್ಲ. ಹೀಗಾಗಿ ಆ ಒಲಿಂಪಿಕ್ಸ್‌ನಲ್ಲಿ ಕೋಲ್ಮನ್ ಪಂದ್ಯದ ವೇಗದಲ್ಲಿ ಬೆಡ್ನರೆಕ್ ಕೈಗೆ ಬೇಟನ್ ಕೊಡಲು ಬಂದದ್ದು ಮೊದಲ ಸಲ ಫೈನಲ್‌ನಲ್ಲೇ.

ಮೂವತ್ತು ಮೀಟರಿನೊಳಗೆ

ಮೊದಲ ಎಕ್ಸ್‌ಚೇಂಜ್ ಝೋನ್ ಓಟದ 80ನೇ ಮೀಟರಿನಿಂದ 110ನೇ ಮೀಟರಿನವರೆಗೆ ಇರುತ್ತದೆ. 2017ರ ಕೊನೆಯವರೆಗೆ ನಿಯಮ ಬೇರೆ ಇತ್ತು: ವೇಗ ಪಡೆಯಲು 10 ಮೀಟರ್, ಬೇಟನ್ ಬದಲಿಸಲು ಅದರ ಮುಂದಿನ 20 ಮೀಟರ್. ಈಗ ಇಡೀ 30 ಮೀಟರ್ ಒಂದೇ ಝೋನ್. ಬೇಟನ್ ಪಡೆದು ಹೊರಡುವವನು ಅದರೊಳಗೇ ನಿಂತು ಶುರು ಮಾಡಬೇಕು, ಬೇಟನ್ ಅದರೊಳಗೇ ಪೂರ್ತಿಯಾಗಿ ಅವನ ಕೈಗೆ ಸೇರಬೇಕು.

ಇಲ್ಲಿ ಲೆಕ್ಕಕ್ಕೆ ಬರುವುದು ಬೇಟನ್ ಇರುವ ಜಾಗ, ಓಟಗಾರರ ಕಾಲಲ್ಲ. ಹೊರಡುವವನ ಕೈ ಬೇಟನ್‌ಗೆ ತಾಗಿದ ಕ್ಷಣ ಬದಲಾವಣೆ ಶುರು. ಬೇಟನ್ ಅವನೊಬ್ಬನ ಕೈಯಲ್ಲೇ ಉಳಿದ ಕ್ಷಣ ಮುಗಿಯಿತು. ಕಾಲು ಗೆರೆ ದಾಟಿದ್ದರೂ ಹಿಂದೆ ಚಾಚಿದ ಕೈಯಲ್ಲಿ ಬೇಟನ್ ಇನ್ನೂ ಗೆರೆಯ ಒಳಗೇ ಸೇರಿಕೊಂಡಿದ್ದರೆ ತಪ್ಪಿಲ್ಲ.

ಬೇಟನ್ ಎಂದರೆ 28ರಿಂದ 30 ಸೆಂಟಿಮೀಟರ್ ಉದ್ದದ ಟೊಳ್ಳು ಕೊಳವೆ, ತೂಕ 50 ಗ್ರಾಂಗೆ ಕಡಿಮೆ ಇರಬಾರದು. ಮೊದಲ ಓಟಗಾರ ತಿರುವಿನಲ್ಲಿ ಲೇನಿನ ಒಳಬದಿ ಹಿಡಿದು, ಬಲಗೈಯಲ್ಲಿ ಬೇಟನ್ ಹೊತ್ತು ಬರುತ್ತಾನೆ. ಎರಡನೆಯವನು ಲೇನಿನ ಹೊರಬದಿಯಲ್ಲಿ ನಿಂತು ಎಡಗೈ ಚಾಚುತ್ತಾನೆ. ಎರಡನೆಯವನ ಎಡಗೈಯಿಂದ ಮೂರನೆಯವನ ಬಲಗೈಗೆ, ಅಲ್ಲಿಂದ ನಾಲ್ಕನೆಯವನ ಎಡಗೈಗೆ. ಯಾರೂ ಓಡುತ್ತಾ ಕೈ ಬದಲಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚೆಕ್ ಮಾರ್ಕ್. ಹೊರಡುವವನು ತನ್ನ ಲೇನಿನಲ್ಲಿ ಹಿಂದೆ ಒಂದು ಅಂಟುಪಟ್ಟಿ ಅಂಟಿಸಿಕೊಳ್ಳಬಹುದು. ಗರಿಷ್ಠ ಅಳತೆ 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ. ಬರುವವನು ಆ ಪಟ್ಟಿ ಮುಟ್ಟಿದ ಕ್ಷಣ ಇವನು ತಲೆ ತಿರುಗಿಸಿ ಹೊರಡಬೇಕು, ಮತ್ತೆ ಹಿಂದಿರುಗಿ ನೋಡಬಾರದು. ಪಟ್ಟಿ ಎಷ್ಟು ದೂರದಲ್ಲಿರಬೇಕು? ದುಂಡು ಸಂಖ್ಯೆಗಳಲ್ಲಿ ಹೀಗೆ ಲೆಕ್ಕ ಹಾಕಬಹುದು.

ಬರುವವನ ವೇಗ ಸೆಕೆಂಡಿಗೆ 10.5 ಮೀಟರ್ ಎನ್ನೋಣ. ಬೇಟನ್ ಝೋನಿನ 22ನೇ ಮೀಟರ್ ಹತ್ತಿರ ಕೈ ಸೇರಬೇಕು, ಅಲ್ಲಿಯವರೆಗೆ ಹೊರಡುವವನಿಗೆ 2.9 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಬರುವವನು ಸುಮಾರು 30.5 ಮೀಟರ್ ಓಡುತ್ತಾನೆ. ಇಬ್ಬರ ಕೈ ಚಾಚಿದ ದೂರ ಒಂದು ಮೀಟರ್ ಉಳಿತಾಯವಾಗುವುದರಿಂದ ಅವನು ಮುಟ್ಟಬೇಕಾದದ್ದು 21ನೇ ಮೀಟರ್. 30.5ರಲ್ಲಿ 21 ಕಳೆದರೆ 9.5. ಪಟ್ಟಿ ಝೋನಿನ ಆರಂಭಕ್ಕಿಂತ ಒಂಬತ್ತೂವರೆ ಮೀಟರ್ ಹಿಂದೆ ಬೀಳಬೇಕು. ಓಟಗಾರರು ಇದನ್ನು ಟೇಪು ಹಿಡಿದು ಅಳೆಯುವುದಿಲ್ಲ. ಹಿಮ್ಮಡಿಗೆ ತುದಿ ಜೋಡಿಸಿ ಬೂಟಿನ ಅಳತೆಯಲ್ಲಿ ಎಣಿಸುತ್ತಾರೆ. 30 ಸೆಂ.ಮೀ. ಬೂಟಿಗೆ ಇದು ಸುಮಾರು ಮೂವತ್ತೆರಡು ಪಾದ.

ಈಗ ಹೊರಡುವವನು ಒಂದು ಮೀಟರ್ ಬೇಗ ಹೊರಟ ಎನ್ನಿ, ಅಂದರೆ ಬರುವವನು ಪಟ್ಟಿಗೆ ಇನ್ನೂ ಒಂದು ಮೀಟರ್ ದೂರ ಇರುವಾಗ. ಕಾಲದಲ್ಲಿ ಇದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಪೂರ್ಣ ವೇಗದ ಓಟಗಾರನ ಅರ್ಧ ಹೆಜ್ಜೆಗಿಂತಲೂ ಕಡಿಮೆ. ಪಟ್ಟಿಯ ಮೇಲೆ ಕಾಲು ಸರಿಯಾಗಿ ಬಿದ್ದೇ ಬೀಳುತ್ತದೆ ಎಂಬ ಖಾತ್ರಿಯೂ ಇಲ್ಲ. ಒಂದು ಹೆಜ್ಜೆ ಪಟ್ಟಿಯ ಹಿಂದೆ, ಮುಂದಿನದು ಪಟ್ಟಿ ದಾಟಿ ಬೀಳಬಹುದು. ನಡುವಿನ ಗಾಳಿಯಲ್ಲಿ ಮೈ ಪಟ್ಟಿ ದಾಟಿದ್ದು ಯಾವಾಗ ಎಂದು ಹೊರಡುವವನ ಕಣ್ಣು ಅಂದಾಜು ಮಾಡಬೇಕು. ಆ ಅಂದಾಜು ಹುಟ್ಟುವುದು ಆ ನಿರ್ದಿಷ್ಟ ವ್ಯಕ್ತಿ ತನ್ನತ್ತ ಬರುವುದನ್ನು ಹತ್ತಾರು ಸಲ ನೋಡಿದ ಮೇಲೆ.

ಆ ಒಂದು ಮೀಟರ್ ಅಂತರ ಮುಂದೆ ತಾನಾಗಿ ಮುಚ್ಚುವುದಿಲ್ಲ. ಝೋನಿನ 20ನೇ ಮೀಟರ್ ಆಸುಪಾಸಿನಲ್ಲಿ ಹೊರಡುವವನ ವೇಗ ಬರುವವನ ವೇಗಕ್ಕೆ ಸಮವಾಗುತ್ತದೆ, ಆಮೇಲೆ ಮೀರುತ್ತದೆ. 2009ರ ಬರ್ಲಿನ್ ವಿಶ್ವದಾಖಲೆಯ ಓಟದಲ್ಲಿ ಉಸೇನ್ ಬೋಲ್ಟ್ 20ರಿಂದ 30ನೇ ಮೀಟರಿಗೆ ತೆಗೆದುಕೊಂಡದ್ದು ಸುಮಾರು 0.90 ಸೆಕೆಂಡು, ಅಂದರೆ ಅಷ್ಟರಲ್ಲಾಗಲೇ ಸೆಕೆಂಡಿಗೆ 11 ಮೀಟರ್. ಬರುವವನು ದಣಿದು ಇಳಿಯುತ್ತಿದ್ದಾನೆ, ಹೊರಡುವವನು ಏರುತ್ತಿದ್ದಾನೆ. ಬೆನ್ನಟ್ಟಿ ಹಿಡಿಯುವ ಮಾತೇ ಇಲ್ಲ. ಮುಂದಿನವನು ಬ್ರೇಕ್ ಹಾಕಬೇಕು, ಬೇರೆ ದಾರಿಯಿಲ್ಲ.

22ನೇ ಮೀಟರಿನಲ್ಲಿ ಕೈ ಖಾಲಿ ಎಂದು ಗೊತ್ತಾದರೆ ಉಳಿದಿರುವುದು 8 ಮೀಟರ್. ಒಂದು ಮೀಟರ್ ಅಂತರ ಮುಚ್ಚಲು ಮುಂದಿನವನ ಸರಾಸರಿ ವೇಗ 9.3ಕ್ಕೆ ಇಳಿಯಬೇಕು. ಎರಡು ಮೀಟರ್ ಅಂತರವಾದರೆ 8.4ಕ್ಕೆ. ಇದಕ್ಕೆಲ್ಲ ಇರುವ ಸಮಯ ಒಂದು ಸೆಕೆಂಡು ತುಂಬುವುದಿಲ್ಲ. ನಿಧಾನಿಸಬೇಕು ಎಂದು ತೀರ್ಮಾನಿಸಲೂ ಅದರಲ್ಲೇ ಒಂದಿಷ್ಟು ಹೋಗುತ್ತದೆ.

ಆ ಸಂಜೆ ನಡೆದದ್ದು

ಕೋಲ್ಮನ್ ತಿರುವಿನಿಂದ ಬರುತ್ತಿದ್ದಂತೆ ಬೆಡ್ನರೆಕ್ ಬೇಗ ಚಿಮ್ಮಿದರು. ಎಡಗೈ ಹಿಂದಕ್ಕೆ ಹೋಯಿತು. ಅಂಗೈ ತೆರೆದಿತ್ತು, ಬೇಟನ್ ಬರಲಿಲ್ಲ. ವೇಗ ತಗ್ಗಿಸಬೇಕಾಯಿತು. ಕೋಲ್ಮನ್ ಮುಂದಕ್ಕೆ ಬಾಗಿ ಚಾಚಿದರು, ತಡವರಿಕೆ ಆಯಿತು, ಬೇಟನ್ ಕೈ ಸೇರುವಷ್ಟರಲ್ಲಿ ಝೋನ್ ಮುಗಿದಿತ್ತು. ಪಕ್ಕದ ಲೇನುಗಳವರು ಪೂರ್ಣ ವೇಗದಲ್ಲಿ ಹಿಂಬದಿಯ ನೇರ ಓಟಕ್ಕೆ ಇಳಿದಾಗಿತ್ತು. ಅಮೆರಿಕ ಓಟವನ್ನು ಮುಗಿಸಿತು, ಪದಕದ ಹತ್ತಿರ ಇರಲಿಲ್ಲ. ಝೋನಿನಾಚೆ ಬೇಟನ್ ಬದಲಿಸಿದ್ದಕ್ಕೆ ಆಮೇಲೆ ಅನರ್ಹ ಎಂದು ಪ್ರಕಟವಾಯಿತು. ಅದೇ ಸಂಜೆ ಅಮೆರಿಕದ ಮಹಿಳೆಯರು 41.78ಕ್ಕೆ ಚಿನ್ನ ಗೆದ್ದಿದ್ದರು.

ತಾಂತ್ರಿಕವಾಗಿ ಒಂದು ಮಾತು. ಇಂಥ ಹೊತ್ತಿನಲ್ಲಿ ಹೊರಡುವವನು ಕೈಯನ್ನು ಅಲ್ಲಾಡಿಸದೆ ಅಲ್ಲೇ ಹಿಡಿದಿಟ್ಟು, ಹೆಜ್ಜೆ ಚಿಕ್ಕದು ಮಾಡಿ ನಿಧಾನಿಸಬೇಕು. ಕೈ ಹುಡುಕಾಡತೊಡಗಿದರೆ ಬರುವವನಿಗೆ ಗುರಿ ತಪ್ಪುತ್ತದೆ. ಹಿಂದೆ ತಿರುಗಿದರೆ ಭುಜ ತಿರುಗುತ್ತದೆ, ಅಂಗೈಯ ಎತ್ತರ ಬದಲಾಗುತ್ತದೆ. ಇದು ಹೇಳಲು ಸುಲಭ. ಒಲಿಂಪಿಕ್ ಫೈನಲ್‌ನ ಗದ್ದಲದಲ್ಲಿ, ಅಕ್ಕಪಕ್ಕ ಏಳು ಜನ ಸಿಡಿದು ಹೋಗುತ್ತಿರುವಾಗ ಮೈಯೊಳಗೆ ಇದು ಇಳಿದಿರಬೇಕು, ಆ ಹೊತ್ತಿಗೆ ಯೋಚಿಸಿ ಮಾಡುವಂಥದ್ದಲ್ಲ.

ಬೇಗ ಹೊರಡುವಂತೆ ಮಾಡುವ ಸಂಗತಿಗಳು ಮೊದಲ ಬದಲಾವಣೆಯಲ್ಲಿ ಹೆಚ್ಚು. ಲೇನುಗಳ ಆರಂಭ ಅಂತರಿಸಿರುವುದರಿಂದ ಎಂಟು ಝೋನುಗಳೂ ಓರೆಯಾಗಿ ಹರಡಿರುತ್ತವೆ, ಯಾರು ಮುಂದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಪಕ್ಕದವನು ಹೊರಟರೆ ನಮ್ಮ ಕಾಲೂ ಎಳೆಯುತ್ತದೆ. ಫೈನಲ್‌ನಲ್ಲಿ ಬರುವವನು ಹೀಟ್ಸ್‌ಗಿಂತ ವೇಗವಾಗಿ ಬರುತ್ತಾನೆಂಬ ನಂಬಿಕೆಯಲ್ಲಿ ಪಟ್ಟಿಯನ್ನು ಅರ್ಧ ಪಾದ, ಒಂದು ಪಾದ ಹಿಂದೆ ಸರಿಸುವ ರೂಢಿಯೂ ಇದೆ. ಪಟ್ಟಿ ಸರಿಸಿ, ಅದಕ್ಕೂ ಮೊದಲೇ ಹೊರಟರೆ ಎರಡು ತಪ್ಪು ಒಂದರ ಮೇಲೊಂದು ಕೂಡುತ್ತವೆ.

ಎದುರು ಪಾಳಯ

ಕೆನಡಾದ ನಾಲ್ವರು: ಆರನ್ ಬ್ರೌನ್, ಜೆರೋಮ್ ಬ್ಲೇಕ್, ಬ್ರೆಂಡನ್ ರಾಡ್ನಿ, ಆಂಡ್ರೆ ಡಿ ಗ್ರಾಸ್. ಇದೇ ನಾಲ್ವರು, ಇದೇ ಸಾಲಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 37.70 ಓಡಿದ್ದರು, ಬ್ರಿಟನ್ ತಂಡ ಡೋಪಿಂಗ್ ಕಾರಣಕ್ಕೆ ಪದಕ ಕಳೆದುಕೊಂಡಾಗ ಇವರ ಕಂಚು ಬೆಳ್ಳಿಯಾಯಿತು. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ, ಅಮೆರಿಕದ ಪ್ರೇಕ್ಷಕರ ಎದುರೇ 37.48ಕ್ಕೆ ವಿಶ್ವ ಚಾಂಪಿಯನ್ ಆದರು, ಅಮೆರಿಕಕ್ಕೆ 37.55ರ ಬೆಳ್ಳಿ. ಪ್ಯಾರಿಸ್ ಹೀಟ್ಸ್‌ನಲ್ಲಿ ಇವರ ಸಮಯ 38.39. ಅಮೆರಿಕಕ್ಕಿಂತ ಹತ್ತಿರಹತ್ತಿರ ಒಂದು ಸೆಕೆಂಡು ಹಿಂದೆ. ಫೈನಲ್‌ಗೆ ಸಿಕ್ಕಿದ್ದು ಅಂಚಿನ 9ನೇ ಲೇನ್.

ಪ್ಯಾರಿಸ್‌ನ 100 ಮೀಟರ್ ಫೈನಲ್‌ನಲ್ಲಿ ಕೆನಡಾದವರು ಒಬ್ಬರೂ ಇರಲಿಲ್ಲ. ಅಮೆರಿಕದ ರಿಲೇ ನಾಲ್ವರಲ್ಲಿ ಕರ್ಲಿ, ಬೆಡ್ನರೆಕ್ ಇಬ್ಬರೂ ಆ ಫೈನಲ್‌ನಲ್ಲಿದ್ದರು, 9.88 ಓಡಿಯೂ ಬೆಡ್ನರೆಕ್‌ಗೆ ಏಳನೇ ಸ್ಥಾನ ಸಿಗುವಷ್ಟು ಆ ಓಟ ಬಿಗಿಯಾಗಿತ್ತು. ಬಿಡಿ ಬಿಡಿ ವೇಗ ಕೂಡಿಸಿದರೆ ಕೆನಡಾ ಗೆಲ್ಲುವ ಲೆಕ್ಕ ಎಲ್ಲೂ ಬರುವುದಿಲ್ಲ. ಆದರೂ 37.50ಕ್ಕೆ ಚಿನ್ನ ಅವರದಾಯಿತು. ದಕ್ಷಿಣ ಆಫ್ರಿಕಾ 37.57, ಬ್ರಿಟನ್ 37.61.

ಇದಕ್ಕಿಂತ ಹಳೆಯ, ಇನ್ನೂ ಚೆಂದದ ಉದಾಹರಣೆ ಜಪಾನಿನದು. 2016ರ ರಿಯೊದಲ್ಲಿ ಯಮಗಾಟ, ಈಜುಕ, ಕಿರ್ಯು, ಕೇಂಬ್ರಿಡ್ಜ್ ಎಂಬ ನಾಲ್ವರು 37.60 ಓಡಿ ಬೆಳ್ಳಿ ಗೆದ್ದಾಗ ಅವರಲ್ಲಿ ಒಬ್ಬನೂ ಅಲ್ಲಿಯವರೆಗೆ 100 ಮೀಟರನ್ನು 10 ಸೆಕೆಂಡಿನ ಒಳಗೆ ಓಡಿರಲಿಲ್ಲ. ಬೇಟನನ್ನು ಕೆಳಗಿನಿಂದ ಮೇಲಕ್ಕೆ ಕೊಡುವ ಶೈಲಿಯಲ್ಲಿ ತೋಳು ಚಾಚಿ ಉಳಿಸುವ ದೂರ ಕಡಿಮೆ, ಆದರೆ ಓಟದ ಲಯ ಕೆಡುವುದೂ ಕಡಿಮೆ. ಆ ಶೈಲಿಯನ್ನೇ ವರ್ಷಗಟ್ಟಲೆ ತೀಡಿದ್ದರು.

ಹಳೆಯ ಚಾಳಿ

ಪುರುಷರ 4×100ರಲ್ಲಿ ಅಮೆರಿಕ ಕೊನೆಯದಾಗಿ ಒಲಿಂಪಿಕ್ ಚಿನ್ನ ಗೆದ್ದದ್ದು 2000ದ ಸಿಡ್ನಿಯಲ್ಲಿ. 2004ರಲ್ಲಿ ಬ್ರಿಟನ್ ಎದುರು ಸೆಕೆಂಡಿನ ನೂರನೇ ಒಂದು ಭಾಗದಿಂದ ಸೋಲು. 2008ರ ಹೀಟ್ಸ್‌ನಲ್ಲಿ ಮೂರನೇ ಬದಲಾವಣೆಯಲ್ಲಿ ಬೇಟನ್ ನೆಲಕ್ಕೆ. 2012ರ ಬೆಳ್ಳಿ ಡೋಪಿಂಗ್ ಕಾರಣಕ್ಕೆ ರದ್ದು. 2016ರಲ್ಲಿ ಮೂರನೆಯವರಾಗಿ ಬಂದು, ಮೊದಲ ಬದಲಾವಣೆಯಲ್ಲಿ ಝೋನ್ ಶುರುವಾಗುವ ಮೊದಲೇ ಬೇಟನ್ ಮುಟ್ಟಿದ್ದಕ್ಕೆ ಅನರ್ಹ. (ಆ ತಪ್ಪು ಇಂದಿನ 30 ಮೀಟರ್ ನಿಯಮದಲ್ಲಿ ತಪ್ಪೇ ಆಗುತ್ತಿರಲಿಲ್ಲ; ನಿಯಮ ಬದಲಾದದ್ದು ಮರುವರ್ಷ.) ಟೋಕಿಯೊದಲ್ಲಿ ಎರಡನೇ ಬದಲಾವಣೆ ತಡವರಿಸಿ, ಹೀಟ್ಸ್‌ನಲ್ಲೇ 38.10ಕ್ಕೆ ಆರನೇ ಸ್ಥಾನ.

ಮೂರನೇ ಬದಲಾವಣೆ, ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಒಂದೇ ಜಾಗ ಅಲ್ಲ, ಒಬ್ಬನೇ ಓಟಗಾರ ಅಲ್ಲ. ಹಾಗಾಗಿ ಪ್ಯಾರಿಸ್‌ನ ಹೊಣೆಯನ್ನು ಬೆಡ್ನರೆಕ್ ಒಬ್ಬರ ತಲೆಗೆ ಕಟ್ಟುವುದರಲ್ಲಿ ನ್ಯಾಯವಿಲ್ಲ. ಅಮೆರಿಕದಲ್ಲಿ ವೇಗದ ಓಟಗಾರರು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕೋಚ್‌ಗಳ ಬಳಿ ಇರುತ್ತಾರೆ. ಟ್ರಯಲ್ಸ್ ಮುಗಿದ ಮೇಲೆ ತಂಡ ಕೂಡುತ್ತದೆ. ಆಯ್ಕೆಗೆ ಇಷ್ಟೊಂದು ಜನ ಇರುವುದೇ ತೊಡಕು: ಬದಲಿಸಲು ಯಾವಾಗಲೂ ಇನ್ನೊಬ್ಬ ವೇಗಿ ಇರುತ್ತಾನೆ. ಕೆನಡಾಕ್ಕೆ ಆ ಆಮಿಷ ಇರಲಿಲ್ಲ.

ಬೇರೆ ಸಾಲು ಕಟ್ಟಬಹುದಿತ್ತೇ

ಓಟ ಮುಗಿದ ಮೇಲೆ ಬುದ್ಧಿ ಹೇಳುವುದು ಸಲೀಸು. ಆದರೂ ಕಾಗದದ ಮೇಲೆ ಎರಡು ದಾರಿ ಕಾಣುತ್ತವೆ.

ಒಂದು, ಹೀಟ್ಸ್‌ನ ತಂಡವನ್ನೇ ಇಳಿಸುವುದು. 37.47 ಎಂಬುದು ಬಾಯಿಮಾತಲ್ಲ, ಗಡಿಯಾರದಲ್ಲಿ ಬಿದ್ದ ಸಮಯ. ಆದರೆ 200 ಮೀಟರ್ ಬೆಳ್ಳಿ ಗೆದ್ದವನನ್ನು ಬೆಂಚಿನಲ್ಲಿ ಕೂರಿಸಲು ಕೋಚ್‌ಗೆ ಗುಂಡಿಗೆ ಬೇಕು. ಸೋತಿದ್ದರೆ ಆಗ ಬರುತ್ತಿದ್ದ ಪ್ರಶ್ನೆಯೇ ಬೇರೆ.

ಎರಡನೆಯದು ನನಗೆ ಹೆಚ್ಚು ಒಪ್ಪುವ ದಾರಿ: ಲಿಂಡ್ಸೆ ಇದ್ದ ಜಾಗಕ್ಕೇ ಬೆಡ್ನರೆಕ್. ಕೋಲ್ಮನ್, ಕರ್ಲಿ, ಕಿಂಗ್, ಬೆಡ್ನರೆಕ್. ಹೊಸ ಜೋಡಿ ಒಂದೇ, ಕಿಂಗ್–ಬೆಡ್ನರೆಕ್. ಕೊನೆಯವನಿಗೆ ಪಡೆಯುವ ಕೆಲಸ ಮಾತ್ರ, ಕೊಡುವ ಕೆಲಸವಿಲ್ಲ. ಅಲ್ಲೂ ಬೇಟನ್ ಬರುವುದು ಎಡಗೈಗೆ, ಎರಡನೇ ಓಟದಲ್ಲಿ ಇದ್ದಂತೆಯೇ. ಕೈ ಬದಲಿಸುವ ಗೊಂದಲವೂ ಇಲ್ಲ. ಕೋಲ್ಮನ್–ಕರ್ಲಿ ಜೋಡಿ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲೂ ಇತ್ತು, ಆ ತಂಡ 37.38ಕ್ಕೆ ಚಿನ್ನ ಗೆದ್ದಿತ್ತು. ಈ ಸಾಲಿನಲ್ಲಿ ಬೆಡ್ನರೆಕ್‌ಗೆ ಒಗ್ಗಿದ ಎರಡನೇ ಓಟ ತಪ್ಪಿಹೋಗುತ್ತದೆ, ನಸ್ಸೌದ ಬೆಡ್ನರೆಕ್–ಕಿಂಗ್ ಜೋಡಿಯೂ ಹೋಗುತ್ತದೆ. ಅದು ನಷ್ಟವೇ, ಆದರೆ ನೂರನೇ ಭಾಗಗಳಲ್ಲಿ ಅಳೆಯುವ ನಷ್ಟ. ತಪ್ಪಿದ ಜೋಡಿಯ ನಷ್ಟಕ್ಕೆ ಅಂಥ ಅಳತೆಯಿಲ್ಲ.

ಆಯ್ದ ಸಾಲನ್ನೇ ಇಟ್ಟುಕೊಂಡರೂ ಕಾಪಾಡುವ ಉಪಾಯ ಒಂದಿತ್ತು: ಹೊಸ ಜೋಡಿಯ ಪಟ್ಟಿಯನ್ನು ಎರಡು ಪಾದ ಒಳಕ್ಕೆ, ಅಂದರೆ ಝೋನಿನ ಹತ್ತಿರಕ್ಕೆ ತರುವುದು. ಆಗ ಹೊರಡುವವನು ತುಸು ಬೇಗ ಸಿಡಿದರೂ ಬರುವವನು ಹಿಡಿಯುತ್ತಾನೆ. ಬೇಟನ್ 22ರ ಬದಲು 16 ಅಥವಾ 18ನೇ ಮೀಟರಿನಲ್ಲಿ ಸೇರುತ್ತದೆ. ಹೊರಡುವವನು ಪೂರ್ಣ ವೇಗಕ್ಕೆ ಏರದೆ ಪಡೆಯುವುದರಿಂದ ಕೊಂಚ ಸಮಯ ಹೋಗುತ್ತದೆ, ಬೇಟನ್ ಮಾತ್ರ ಝೋನಿನೊಳಗೆ ಉಳಿಯುತ್ತದೆ.

ನಮ್ಮ ಜಿಲ್ಲಾ ಕ್ರೀಡಾಕೂಟಕ್ಕೆ ಹುಡುಗರನ್ನು ತಯಾರು ಮಾಡುವ ಪಿ.ಟಿ. ಮೇಷ್ಟ್ರಿಗೂ ಇದೇ ಸೂತ್ರ ನಡೆಯುತ್ತದೆ, ಸಂಖ್ಯೆ ಮಾತ್ರ ಬೇರೆ. ಬರುವ ಹುಡುಗನ ವೇಗ ಸೆಕೆಂಡಿಗೆ 8.3 ಮೀಟರ್, ಹೊರಡುವವನು 22 ಮೀಟರಿಗೆ 3.3 ಸೆಕೆಂಡು ತೆಗೆದುಕೊಂಡರೆ 27.4ರಲ್ಲಿ 21 ಕಳೆದು 6.4 ಮೀಟರ್, 28 ಸೆಂ.ಮೀ. ಬೂಟಿಗೆ ಇಪ್ಪತ್ಮೂರು ಪಾದ. ಮಣ್ಣಿನ ಟ್ರ್ಯಾಕ್ ಮೇಲೆ ಅಂಟುಪಟ್ಟಿ ನಿಲ್ಲದು, ತನ್ನ ಲೇನಿನಲ್ಲಿ ಗೀರು ಹಾಕಿಕೊಳ್ಳಲು ನಿಯಮವೇ ಬಿಡುತ್ತದೆ. ಅಭ್ಯಾಸ ಪೂರ್ಣ ವೇಗದಲ್ಲೇ ನಡೆಯಬೇಕು. ಅರ್ಧ ವೇಗದಲ್ಲಿ ಇಟ್ಟ ಗುರುತು ಕೂಟದ ದಿನ ಸುಳ್ಳಾಗುತ್ತದೆ. ದಣಿದ ಹುಡುಗನಿಂದ ಇಡೀ ನೂರು ಮೀಟರ್ ಓಡಿಸಬೇಕಿಲ್ಲ, 50 ಮೀಟರ್ ಓಡಿ ಬಂದರೂ ಗುರುತು ಸಿಗುತ್ತದೆ. ಕೊನೆಗೆ ಒಂದೆರಡು ಸಲ ಪೂರ್ತಿ ಓಡಿಸಿ ಅರ್ಧ ಪಾದ ಹಿಂದೆ ಮುಂದೆ ಸರಿಪಡಿಸಿದರಾಯಿತು. ಸೆಮಿಫೈನಲ್ ಗೆದ್ದ ಮೇಲೆ "ಇವನು ಇನ್ನೂ ಜೋರಾಗಿ ಓಡ್ತಾನೆ" ಎಂದು ಬೇರೆ ಪಂದ್ಯ ಮುಗಿಸಿ ಬಂದವನನ್ನು ನಡುವೆ ತೂರಿಸುವ ಮುನ್ನ, ಎಷ್ಟು ಜೋಡಿ ಮುರಿಯುತ್ತವೆ ಎಂದು ಬೆರಳು ಮಡಚಿ ಎಣಿಸುವುದು ಒಳ್ಳೆಯದು.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗೆ ಅಮೆರಿಕ ಇಳಿಸಿದ ಸಾಲು ಕೋಲ್ಮನ್, ಬೆಡ್ನರೆಕ್, ಲಿಂಡ್ಸೆ, ಲೈಲ್ಸ್. ಮೊದಲ ಝೋನಿನಲ್ಲಿ ಮತ್ತೆ ಅದೇ ಇಬ್ಬರು, ಅದೇ ಬಲಗೈಯಿಂದ ಅದೇ ಎಡಗೈಗೆ. ಈ ಸಲ ಬೇಟನ್ ಸೇರಬೇಕಾದ ಕೈ ಸೇರಿತು. 37.29, ಚಿನ್ನ, ಕೆನಡಾ 37.55ರಲ್ಲಿ ಎರಡನೆಯದು.